ಗೇಮ್ ಆಡಿಸಿ ಎಚ್‌ಐವಿ ಬಗ್ಗೆ ಹೇಳಿಕೊಡಬಹುದೇ?

ಪ್ರಶ್ನೆ: ನಾನು ಶಾಲೆಯೊಂದರಲ್ಲಿ ಆಪ್ತಸಲಹೆಗಾರ್ತಿ. 12ರಿಂದ 15 ವರ್ಷದ ಮಕ್ಕಳಿಗೆ ಎಚ್‌ಐವಿ ತಡೆಯುವುದರ ಬಗ್ಗೆ ಹೇಳಿಕೊಡಬೇಕು. ಮಾತು ಶುರು ಮಾಡಿದರೆ ಅರ್ಧ ಮಕ್ಕಳು ತಲೆ ತಗ್ಗಿಸುತ್ತಾರೆ, ಇನ್ನರ್ಧ ಮಕ್ಕಳು ಕಿಸಕ್ಕನೆ ನಗುತ್ತಾರೆ. ಮೊಬೈಲ್ ಅಥವಾ ಟ್ಯಾಬ್ಲೆಟ್ ಗೇಮ್ ಮೂಲಕ ಹೇಳಿಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಇದರಿಂದ ನಿಜವಾಗಿ ಪ್ರಯೋಜನ ಇದೆಯೇ? ಒಳ್ಳೆಯ ಗೇಮ್ ಯಾವುದೆಂದು ಗುರುತಿಸುವುದು ಹೇಗೆ? ‘ಇದನ್ನೆಲ್ಲ ಈಗಲೇ ಯಾಕೆ ಹೇಳಿಕೊಡುತ್ತೀರಿ’ ಎಂದು ತಂದೆ ತಾಯಿ ಕೇಳಿದರೆ ಏನು ಹೇಳಲಿ?

ಉತ್ತರ: ಪ್ರಯೋಜನ ಇದೆ, ಆದರೆ ಗೇಮ್ ಮಾರುವವರು ಹೇಳುವಷ್ಟಲ್ಲ. ಮೊದಲು ಅದರ ಲೆಕ್ಕ ನೋಡಿಬಿಡೋಣ.

ಈ ವಿಷಯದಲ್ಲಿ ಗಟ್ಟಿಯಾಗಿ ಪರೀಕ್ಷೆ ಮಾಡಿ ನೋಡಿದ ಗೇಮ್‌ಗಳು ಕಡಿಮೆ. ಅವುಗಳಲ್ಲಿ ಒಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಮಾಡಿದ ‘ಪ್ಲೇಫಾರ್ವರ್ಡ್: ಎಲ್ಮ್ ಸಿಟಿ ಸ್ಟೋರೀಸ್’. ಮಗು ಇದರಲ್ಲಿ ತನ್ನದೇ ಒಂದು ಪಾತ್ರ ಮಾಡಿಕೊಳ್ಳುತ್ತದೆ. ಪಾರ್ಟಿ, ಗೆಳೆಯರ ಒತ್ತಾಯ, ಡ್ರಗ್ಸ್, ಸಂಬಂಧ ಹೀಗೆ ಒಂದೊಂದೇ ಸಂದರ್ಭ ಎದುರಿಸುತ್ತಾ ಹೋಗುತ್ತದೆ. ತಾನು ಮಾಡಿದ ಆಯ್ಕೆಯಿಂದ ಮುಂದೆ ಏನಾಯಿತು ಎಂದು ನೋಡುತ್ತದೆ. ಬೇಕಿದ್ದರೆ ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿಯುತ್ತದೆ. 11ರಿಂದ 14 ವರ್ಷದ 333 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಗೇಮ್, ಇನ್ನೊಂದಕ್ಕೆ ಬೇರೆ ಮಾಮೂಲಿ ಗೇಮ್ ಕೊಟ್ಟು ಆರು ವಾರ ಆಡಿಸಿದರು. ಆಮೇಲೆ ಒಂದು ವರ್ಷದವರೆಗೆ ಅವರನ್ನು ಗಮನಿಸಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಗೇಮ್ ಆಡಿದವರಲ್ಲಿ ತಿಳಿವಳಿಕೆ ಜಾಸ್ತಿಯಾಗಿತ್ತು, ಲೈಂಗಿಕ ಆರೋಗ್ಯದ ಬಗ್ಗೆ ಮನೋಭಾವ ಸುಧಾರಿಸಿತ್ತು. ಆದರೆ ಲೈಂಗಿಕ ಸಂಪರ್ಕ ಶುರು ಮಾಡುವ ವಯಸ್ಸನ್ನು ಮುಂದೂಡಿತೇ ಎಂದು ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇದನ್ನು ಕೇಳಿ ಬೇಸರ ಮಾಡಿಕೊಳ್ಳಬೇಡಿ. ಆ ವಯಸ್ಸಿನ ಹೆಚ್ಚಿನ ಮಕ್ಕಳು ಹೇಗೂ ಇನ್ನೂ ಶುರು ಮಾಡಿರುವುದಿಲ್ಲ. ಒಂದೇ ವರ್ಷದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಆದರೂ ‘ಈ ಗೇಮ್ ಆಡಿದರೆ ಮಕ್ಕಳ ನಡವಳಿಕೆ ಬದಲಾಗುತ್ತದೆ’ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ.

ಇನ್ನೊಂದು ‘ತುಮೈನಿ’. ಕೀನ್ಯಾದ ಮಕ್ಕಳಿಗಾಗಿ ಮಾಡಿದ ಸ್ಮಾರ್ಟ್‌ಫೋನ್ ಗೇಮ್ ಇದು. 2017ರಲ್ಲಿ ಕಿಸುಮು ನಗರದಲ್ಲಿ 11ರಿಂದ 14 ವರ್ಷದ 60 ಮಕ್ಕಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿದರು. ಅಲ್ಲೂ ತಿಳಿವಳಿಕೆ ಹೆಚ್ಚಿತು. ‘ಇಂಥ ಸಂದರ್ಭ ಬಂದರೆ ನಾನು ನಿಭಾಯಿಸಬಲ್ಲೆ’ ಎನ್ನುವ ಧೈರ್ಯವೂ ಹೆಚ್ಚಿತು. ಇದು ಚಿಕ್ಕ ಪ್ರಯೋಗ, ಅದನ್ನು ನೆನಪಿಡಿ. ಎರಡರಲ್ಲೂ ನನಗೆ ಮುಖ್ಯ ಅನ್ನಿಸುವುದು ಒಂದೇ. ಎರಡೂ ಕಥೆ ಇರುವ, ಆಯ್ಕೆ ಮಾಡಬೇಕಾದ ಗೇಮ್‌ಗಳು. ಪ್ರಶ್ನೆ ಕೇಳಿ ಮಾರ್ಕ್ಸ್ ಕೊಡುವ ಕ್ವಿಜ್‌ಗಳಲ್ಲ.

ಹೀಗಾಗಿ ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು: ಯಾವ ಗೇಮ್?

ಗೇಮ್ ಆಡುವ ಮಗು ಪರದೆಯ ಮೇಲಿನ ಬರಹ ಓದುವುದು ಕಡಿಮೆ. ‘ಸ್ಕಿಪ್’ ಬಟನ್ ಎಲ್ಲಿದೆ ಎಂದು ಮೊದಲು ಹುಡುಕುತ್ತದೆ. ಆದರೆ ಏನು ಮಾಡಿದರೆ ಪಾಯಿಂಟ್ ಬರುತ್ತದೆ, ಏನು ಮಾಡಿದರೆ ಲೈಫ್ ಹೋಗುತ್ತದೆ ಎನ್ನುವುದನ್ನು ಎರಡೇ ನಿಮಿಷದಲ್ಲಿ ಪತ್ತೆ ಹಚ್ಚುತ್ತದೆ. ಅಂದರೆ ಗೇಮ್‌ನ ನಿಯಮವೇ ಪಾಠ. ಬರಹ ಒಂದು ಹೇಳಿ ನಿಯಮ ಇನ್ನೊಂದು ಹೇಳಿದರೆ ಮಗು ನಿಯಮವನ್ನೇ ನಂಬುತ್ತದೆ. ಗೇಮ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಒಂದು ಉದಾಹರಣೆ. ಹೀರೋ ಓಡುತ್ತಿದ್ದಾನೆ. ದಾರಿಯಲ್ಲಿ ಎಚ್‌ಐವಿ ಇರುವ ಪಾತ್ರಗಳು ಎದುರು ಬರುತ್ತವೆ, ಬೇರೆ ಬಣ್ಣದಲ್ಲಿ. ತಾಗಿದರೆ ಒಂದು ಲೈಫ್ ಹೋಯಿತು. ಕೆಳಗೆ ಪಟ್ಟಿಯಲ್ಲಿ ‘ಮುಟ್ಟಿದರೆ ಎಚ್‌ಐವಿ ಹರಡುವುದಿಲ್ಲ’ ಎಂದು ಬರೆದಿರುತ್ತದೆ. ಮಗು ಕಲಿತದ್ದೇನು? ಇವರನ್ನು ಕಂಡರೆ ತಪ್ಪಿಸಿಕೊಂಡು ಓಡಬೇಕು, ಮತ್ತೆ ಇವರನ್ನು ನೋಡಿದ ಕೂಡಲೇ ಗುರುತಿಸಬಹುದು. ಎರಡೂ ಸುಳ್ಳು. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ‘ನೋಡಲು ಆರೋಗ್ಯವಾಗಿದ್ದಾನೆ, ಏನೂ ಆಗಲ್ಲ’ ಎಂಬ ಧೈರ್ಯ ಹುಟ್ಟುವುದೇ ಅಲ್ಲಿಂದ. 2008ರಲ್ಲಿ ಅಮೆರಿಕದಲ್ಲಿ ‘ಪಾಸ್ ಆರ್ ನಾಟ್’ (ಇಲ್ಲಿ ಪಾಸ್ ಅಂದರೆ ಪಾಸಿಟಿವ್) ಎಂಬ ಆನ್‌ಲೈನ್ ಗೇಮ್ ಬಂದಿತ್ತು. ಫೋಟೋ ಮತ್ತು ನಾಲ್ಕು ಸಾಲು ಪರಿಚಯ ನೋಡಿ ಆ ವ್ಯಕ್ತಿಗೆ ಎಚ್‌ಐವಿ ಇದೆಯೋ ಇಲ್ಲವೋ ಊಹಿಸಬೇಕು. ಊಹೆ ತಪ್ಪುತ್ತಲೇ ಹೋಗುತ್ತದೆ. ಯಾರೂ ಪಾಠ ಹೇಳದೆ ಪಾಠ ತಲೆಗೆ ಹೋಗುತ್ತದೆ. ಜನರನ್ನು ಹೀಗೆ ಅಳೆಯಲು ಕೂರಿಸುವುದು ಸರಿಯೇ ಎಂಬ ತಕರಾರು ನನಗೂ ಇದೆ. ಆದರೆ ನಿಯಮದಿಂದಲೇ ಪಾಠ ಹೇಳುವುದು ಹೇಗೆ ಎನ್ನುವುದಕ್ಕೆ ಅದು ಒಳ್ಳೆಯ ನಮೂನೆ.

ಇನ್ನೊಂದು ಮಾಮೂಲಿ ತಪ್ಪು ‘ಗೇಮ್ ಓವರ್’. ಸೋಂಕು ತಗುಲಿತು, ಪರದೆ ಕಪ್ಪಾಯಿತು, ಆಟ ಮುಗಿಯಿತು. ಇದು 1980ರ ದಶಕದ ಕಥೆ. ಇವತ್ತು ಎಚ್‌ಐವಿ ಇರುವವರು ಬೇಗ ಚಿಕಿತ್ಸೆ ಶುರು ಮಾಡಿ ದಿನಾ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಹೆಚ್ಚುಕಡಿಮೆ ಪೂರ್ತಿ ಆಯಸ್ಸು ಬದುಕುತ್ತಾರೆ. ಓದುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದೂ ಇಲ್ಲ. ‘ಪಾರ್ಟ್ನರ್’ ಅಧ್ಯಯನದ 2016 ಮತ್ತು 2019ರ ಫಲಿತಾಂಶಗಳಲ್ಲಿ ಹೀಗೆ ಚಿಕಿತ್ಸೆಯಲ್ಲಿದ್ದ ವ್ಯಕ್ತಿಯಿಂದ ಸಂಗಾತಿಗೆ ಸೋಂಕು ಹರಡಿದ ಒಂದೂ ಪ್ರಕರಣ ಸಿಗಲಿಲ್ಲ. ಹಾಗಾಗಿ ಒಳ್ಳೆಯ ಗೇಮ್‌ನಲ್ಲಿ ಸೋಂಕು ಬಂದ ಪಾತ್ರ ಮುಂದಿನ ಲೆವೆಲ್‌ಗೆ ಹೋಗಬೇಕು. ಆಸ್ಪತ್ರೆಗೆ ಹೋಗಬೇಕು, ಮಾತ್ರೆ ನುಂಗಬೇಕು, ಗೆಳೆಯರ ಜೊತೆ ನಗಬೇಕು. ಅದಿಲ್ಲದ ಗೇಮ್ ಮಕ್ಕಳಿಗೆ ಹೇಳುವುದು ಒಂದೇ: ಟೆಸ್ಟ್ ಮಾಡಿಸಿಕೊಂಡರೆ ಕಥೆ ಮುಗಿಯಿತು, ಆದ್ದರಿಂದ ಮಾಡಿಸಬೇಡ.

ನಿಮ್ಮ ತರಗತಿಯಲ್ಲೇ ಹುಟ್ಟಿನಿಂದ ಎಚ್‌ಐವಿ ಇರುವ ಮಗು ಕೂತಿರಬಹುದು, ನಿಮಗೆ ಗೊತ್ತೇ ಇಲ್ಲದೆ. ಅಥವಾ ಮನೆಯಲ್ಲಿ ತಾಯಿ ಮಾತ್ರೆ ನುಂಗುವುದನ್ನು ದಿನಾ ನೋಡುವ ಮಗು. ವೈರಸ್ಸನ್ನು ರಾಕ್ಷಸ ಮಾಡಿ ಗುಂಡು ಹೊಡೆಸುವ ಗೇಮ್‌ನಲ್ಲಿ ಆ ಮಗುವಿಗೆ ತನ್ನ ಮೈಯೇ ಯುದ್ಧಭೂಮಿಯಾಗಿ ಕಾಣುತ್ತದೆ. ದೇಹದೊಳಗೆ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಅಂಥ ಆಟ ನಡೆಯುತ್ತದೆ. ಮನುಷ್ಯರನ್ನು ತೋರಿಸುವಾಗ ನಡೆಯುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಭಾಗಕ್ಕೆ ಬರೋಣ. ಒತ್ತಾಯ ಬಂದಾಗ ಏನು ಮಾಡುವುದು?

ಪರದೆಯ ಮೇಲೆ 14 ವರ್ಷದ ಹುಡುಗಿ. ಫೋನ್ ಮಿನುಗುತ್ತದೆ. ಎರಡು ವರ್ಷ ದೊಡ್ಡ ಹುಡುಗನೊಬ್ಬನ ಮೆಸೇಜ್: ‘ಮನೇಲಿ ಯಾರೂ ಇಲ್ಲ. ಬಾ, ಸುಮ್ನೆ ಮಾತಾಡೋಣ.’ ಕೆಳಗೆ ಮೂರು ಉತ್ತರ. ಸಾಧಾರಣ ಗೇಮ್‌ನಲ್ಲಿ ‘ಬರಲ್ಲ’ ಒತ್ತಿದರೆ ನಕ್ಷತ್ರ ಉದುರುತ್ತದೆ, ಶಭಾಷ್, 50 ಪಾಯಿಂಟ್, ಮುಂದಿನ ಪ್ರಶ್ನೆ. ನಿಜ ಜೀವನದಲ್ಲಿ ಹೀಗಾಗುತ್ತದಾ? ಒಳ್ಳೆಯ ಗೇಮ್‌ನಲ್ಲಿ ಅವನು ಮತ್ತೆ ಬರೆಯುತ್ತಾನೆ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಆಮೇಲೆ, ‘ಎಲ್ಲರೂ ಹೀಗೇ ಇರ್ತಾರೆ, ನೀನೊಬ್ಳೇ ಚಿಕ್ಕ ಮಗು ಥರ ಆಡ್ತೀಯ.’ ಕೊನೆಗೆ, ‘ಸರಿ ಬಿಡು, ಇನ್ಮೇಲೆ ಮಾತಾಡ್ಬೇಡ.’ ಇಲ್ಲಿ ಮಗುವಿನ ಬೆರಳು ಒಂದು ಕ್ಷಣ ನಿಲ್ಲುತ್ತದೆ. ನಮಗೆ ಬೇಕಾದ ಕಲಿಕೆ ಆ ಕ್ಷಣದ್ದು. ‘ಬೇಡ’ ಅನ್ನುವುದು ಗೊತ್ತಿಲ್ಲದ ಮಗು ಯಾವುದೂ ಇಲ್ಲ. ಮೂರನೇ ಸಲ ‘ಬೇಡ’ ಅನ್ನುವುದು, ಮುಖ ಕೆಡದಂತೆ ಜಾರಿಕೊಳ್ಳುವುದು, ‘ಅಮ್ಮ ಕರೀತಿದ್ದಾರೆ’ ಎಂದು ಸುಳ್ಳು ಹೇಳಿಯಾದರೂ ಎದ್ದು ಬರುವುದು, ಇದಕ್ಕೆ ಅಭ್ಯಾಸ ಬೇಕು. ತರಗತಿಯಲ್ಲಿ ಎಲ್ಲರ ಮುಂದೆ ನಾಟಕ ಮಾಡಿಸಿದರೆ ನಗು ಬರುತ್ತದೆ. ಪರದೆಯ ಮುಂದೆ ಒಬ್ಬರೇ ಇದ್ದಾಗ ನಾಚಿಕೆ ಇಲ್ಲದೆ ಹತ್ತು ಸಲ ಬೇಕಾದರೂ ಮಾಡಿ ನೋಡಬಹುದು. ಗೇಮ್‌ನಿಂದ ಸಿಗುವ ದೊಡ್ಡ ಲಾಭ ಅಂದರೆ ನನ್ನ ಪ್ರಕಾರ ಇದೇ.

ಒಂದು ವೇಳೆ ಆ ಹುಡುಗಿ ಹೋದಳು ಅಂದುಕೊಳ್ಳಿ. ಅಲ್ಲಿಂದಲೂ ಹೊರಗೆ ಬರುವ ದಾರಿ ಗೇಮ್‌ನಲ್ಲಿ ಇರಬೇಕು. ಬಾಗಿಲವರೆಗೆ ಹೋದ ಮೇಲೂ ಮನಸ್ಸು ಬದಲಾಯಿಸಬಹುದು, ಒಮ್ಮೆ ಒಪ್ಪಿದ ಮೇಲೂ ಬೇಡ ಅನ್ನಬಹುದು. ಹುಡುಗರಿಗೂ ಇದೇ ಗೇಮ್ ಕೊಡಿ. ಅವರ ಮೇಲೂ ಗೆಳೆಯರ ಒತ್ತಾಯ ಇರುತ್ತದೆ. ಜೊತೆಗೆ ಎದುರಿನವರು ‘ಬೇಡ’ ಅಂದಾಗ ಅಲ್ಲಿಗೇ ನಿಲ್ಲಿಸುವ ಅಭ್ಯಾಸವೂ ಅವರಿಗೆ ಬೇಕು. ಇದನ್ನು ಆಡಿಸುವ ಗೇಮ್‌ಗಳು ಕಡಿಮೆ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಆಯ್ಕೆಯ ಗೇಮ್‌ಗಳಲ್ಲಿ ಒಂದು ಅಪಾಯವೂ ಇದೆ. ಆಗುವ ಕೆಟ್ಟದ್ದೆಲ್ಲ ಮಗುವಿನ ತಪ್ಪು ಆಯ್ಕೆಯಿಂದಲೇ ಆಯಿತು ಎಂದು ಗೇಮ್ ತೋರಿಸುತ್ತಾ ಹೋದರೆ, ದೌರ್ಜನ್ಯಕ್ಕೆ ಒಳಗಾದ ಮಗು ‘ಹಾಗಾದರೆ ತಪ್ಪು ನನ್ನದೇ’ ಎಂದುಕೊಳ್ಳುತ್ತದೆ. ಬಲವಂತ ನಡೆದಾಗ ಅಲ್ಲಿ ಮಗುವಿನ ಆಯ್ಕೆಯೇ ಇರುವುದಿಲ್ಲ. ಆ ಮಾತನ್ನು ಗೇಮ್ ಎಲ್ಲಾದರೂ ಸ್ಪಷ್ಟವಾಗಿ ಹೇಳುತ್ತದೆಯೇ ನೋಡಿ. ಹೇಳದಿದ್ದರೆ ನೀವು ಹೇಳಿ.

ಇನ್ನು ಅಪಾಯದ ಲೆಕ್ಕ. ಇದು ಗೇಮ್ ಮಾಡುವವರಿಗೇ ತಲೆನೋವು. ಚಿಕಿತ್ಸೆಯಲ್ಲಿಲ್ಲದ ಸಂಗಾತಿಯ ಜೊತೆ ಕಾಂಡೋಮ್ ಇಲ್ಲದೆ ಯೋನಿ ಮೂಲಕ ಸಂಪರ್ಕ ಆದರೆ ಹೆಣ್ಣಿಗೆ ಸೋಂಕು ತಗುಲುವ ಸಾಧ್ಯತೆ ಸರಾಸರಿ 10,000 ಸಲಕ್ಕೆ 8 ಎಂದು ಅಂದಾಜು. ಗುದದ ಮೂಲಕ ಸಂಪರ್ಕವನ್ನು ಸ್ವೀಕರಿಸುವವರಿಗೆ ಅದು 138. ಬೇರೆ ಲೈಂಗಿಕ ರೋಗ ಇದ್ದರೆ, ಅಥವಾ ಸಂಗಾತಿಗೆ ಸೋಂಕು ಈಚೆಗಷ್ಟೇ ತಗುಲಿದ್ದರೆ, ಸಾಧ್ಯತೆ ಇನ್ನೂ ಏರುತ್ತದೆ. ಈ ಅಂಕಿಯನ್ನೇ ಗೇಮ್‌ಗೆ ಹಾಕಿದರೆ ಮಗು ಹತ್ತು ಸಲ ಆಡಿದರೂ ಹೆಚ್ಚಾಗಿ ಏನೂ ಆಗುವುದಿಲ್ಲ, ‘ಓ, ಇಷ್ಟೇನಾ’ ಅನ್ನುತ್ತದೆ. ಪ್ರತಿ ಸಲವೂ ಸೋಂಕು ತಗುಲಿಸಿದರೆ ಅದು ಸುಳ್ಳು. ಮಕ್ಕಳು ಸುಳ್ಳನ್ನು ಬೇಗ ಹಿಡಿಯುತ್ತಾರೆ, ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ. ಇದಕ್ಕೊಂದು ಚಂದದ ಉಪಾಯ ಇದೆ. ಏನಾಯಿತು ಎಂದು ಗೇಮ್ ಹೇಳಲೇಬಾರದು. ಪಾತ್ರ ಟೆಸ್ಟ್ ಮಾಡಿಸುವ ತನಕ ಗೊತ್ತಾಗಬಾರದು. ಬೇಗ ಮಾಡಿಸಿದರೆ ‘ಈಗಲೇ ಹೇಳಲು ಆಗದು, ಮತ್ತೆ ಬನ್ನಿ’ ಎನ್ನುವ ಉತ್ತರ ಬರಬೇಕು. ನಿಜದಲ್ಲೂ ಹೀಗೇ ಅಲ್ವಾ?

ಇಂಥ ಆಟ ಮುಗಿಸಿದ ಮೇಲೆ ಹುಡುಗನೊಬ್ಬ ನನ್ನನ್ನು ಕೇಳಿದ, ‘ಟೆಸ್ಟ್ ನೆಗೆಟಿವ್ ಬಂದ್ರೆ ಮುಗೀತು ಅಲ್ವಾ?’ ಬಹಳ ಒಳ್ಳೆಯ ಪ್ರಶ್ನೆ. ಮುಗಿಯಲಿಲ್ಲ. ಬೆರಳಿಗೆ ಚುಚ್ಚಿ ಕೂಡಲೇ ಫಲಿತಾಂಶ ಹೇಳುವ ಆ್ಯಂಟಿಬಾಡಿ ಟೆಸ್ಟ್‌ನಲ್ಲಿ ಸೋಂಕು ಕಾಣಿಸಿಕೊಳ್ಳಲು 23ರಿಂದ 90 ದಿನ ಬೇಕು. ಲ್ಯಾಬ್‌ನಲ್ಲಿ ರಕ್ತನಾಳದ ರಕ್ತ ತೆಗೆದು ಮಾಡುವ ಆ್ಯಂಟಿಜೆನ್-ಆ್ಯಂಟಿಬಾಡಿ ಟೆಸ್ಟ್‌ಗೆ 18ರಿಂದ 45 ದಿನ. ಅಷ್ಟರೊಳಗೆ ನೆಗೆಟಿವ್ ಬಂದರೆ ‘ಇನ್ನೂ ಗೊತ್ತಿಲ್ಲ’ ಎಂದೇ ಅರ್ಥ. ಅವನು ಮುಂದುವರಿದು, ‘ಹಾಗಾದ್ರೆ ಮೂರು ತಿಂಗಳು ಸುಮ್ನೆ ಕಾಯೋದಾ?’ ಅಂದ. ಪೆಪ್ ಎಂಬ ತುರ್ತು ಔಷಧಿಯ ವಿಷಯ ಬಂದದ್ದು ಆಗ. ಅಪಾಯದ ಸಂಪರ್ಕ ಆದ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಇದನ್ನೇ ನಾನು ಮೊದಲಿಗೆ ಬೋರ್ಡ್ ಮೇಲೆ ಬರೆದಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಗೇಮ್ ಅವನ ತಲೆಯಲ್ಲಿ ಪ್ರಶ್ನೆ ಹುಟ್ಟಿಸಿತ್ತು.

ಆದ್ದರಿಂದ ಆಡಿಸಿದಷ್ಟೇ ಸಮಯ ಮಾತಿಗೂ ಇಡಿ. 40 ನಿಮಿಷದ ತರಗತಿ ಇದ್ದರೆ 20 ನಿಮಿಷ ಆಟ, ಉಳಿದದ್ದು ಮಾತು. ‘ನೀನು ಏನು ಆರಿಸಿದೆ’ ಎಂದು ಕೇಳಬೇಡಿ, ಅದು ಮಗುವನ್ನು ಕಟಕಟೆಗೆ ನಿಲ್ಲಿಸಿದ ಹಾಗಾಗುತ್ತದೆ. ‘ಆ ಹುಡುಗಿ ಯಾಕೆ ಹಾಗೆ ಮಾಡಿರಬಹುದು’ ಎಂದು ಕೇಳಿ. ಪಾತ್ರದ ಹೆಸರಿನಲ್ಲಿ ಮಕ್ಕಳು ತಮ್ಮದೇ ಮಾತು ಆಡುತ್ತಾರೆ. ಹೆಸರಿಲ್ಲದೆ ಚೀಟಿ ಹಾಕಲು ಒಂದು ಡಬ್ಬ ಇಟ್ಟರೆ ಇನ್ನೂ ಒಳ್ಳೆಯದು. ಎಲ್ಲರೂ ಏನಾದರೂ ಬರೆಯಲೇಬೇಕು ಎಂದು ಹೇಳಿ, ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆಯಲಿ. ಆಗ ಯಾರು ಕೇಳಿದರು ಎಂಬುದು ಗೊತ್ತಾಗುವುದಿಲ್ಲ.

ಗೇಮ್‌ನೊಳಗಿನ ಮಾಹಿತಿ ಹಳತಾಗಿದೆಯೇ ಎಂದೂ ನೋಡಿ. 2005ರ ವಿಶ್ವ ಏಡ್ಸ್ ದಿನದಂದು ದೆಹಲಿಯ ಝಡ್‌ಎಂಕ್ಯೂ ಸಂಸ್ಥೆ ‘ಫ್ರೀಡಂ ಎಚ್‌ಐವಿ/ಏಡ್ಸ್’ ಹೆಸರಿನಲ್ಲಿ ಮೊಬೈಲ್ ಗೇಮ್‌ಗಳನ್ನು ಬಿಟ್ಟಿತ್ತು. ಕ್ರಿಕೆಟ್ ಆಟದ ರೂಪದ್ದೂ ಅದರಲ್ಲಿತ್ತು. ಆ ಕಾಲದ ಬಟನ್ ಫೋನ್‌ಗಳಿಗೆ ಅದು ದೊಡ್ಡ ಸಾಹಸ. ಆದರೆ ಅಷ್ಟು ಹಳೆಯ ಯಾವ ಗೇಮ್‌ನಲ್ಲೂ ಪ್ರೆಪ್ ಸಿಗುವುದಿಲ್ಲ, ಯಾಕೆಂದರೆ ಸೋಂಕು ತಗುಲದಂತೆ ಮೊದಲೇ ತೆಗೆದುಕೊಳ್ಳುವ ಈ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2012ರಲ್ಲಿ. ವರ್ಷಕ್ಕೆ ಎರಡು ಸಲ ಚುಚ್ಚಿಸಿಕೊಂಡರೆ ಸಾಕಾಗುವ ಲೆನಾಕಾಪವಿರ್ ಇಂಜೆಕ್ಷನ್‌ಗೆ ಸೋಂಕು ತಡೆಯುವ ಔಷಧಿಯಾಗಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಮೂಲ ಸಂಗತಿಗಳು ಮಾತ್ರ ಬದಲಾಗಿಲ್ಲ. ರಕ್ತ, ವೀರ್ಯ, ಯೋನಿ ಮತ್ತು ಗುದದ ದ್ರವ, ಎದೆಹಾಲು ಇವುಗಳಿಂದ ಹರಡುತ್ತದೆ. ಸೊಳ್ಳೆ, ಎಂಜಲು, ಅಪ್ಪುಗೆ, ಒಂದೇ ತಟ್ಟೆ, ಒಂದೇ ಶೌಚಾಲಯ ಇವುಗಳಿಂದ ಹರಡುವುದಿಲ್ಲ. ಕಾಂಡೋಮನ್ನು ಐದು ಸೆಕೆಂಡಿನ ‘ಪವರ್’ ಆಗಿ ತೋರಿಸುವ ಗೇಮ್‌ಗಳಿವೆ, ಅದೂ ಬೇಡ. ಪ್ರತಿ ಸಲ ಹೊಸದು, ಸರಿಯಾಗಿ, ಮೊದಲಿಂದ ಕೊನೆವರೆಗೆ ಎನ್ನುವುದು ನಿಯಮದಲ್ಲೇ ಬರಬೇಕು.

ಬೈಯುವ ಗೇಮ್ ತರಬೇಡಿ. ಅಮೆರಿಕದಲ್ಲಿ ಗಂಡಸರ ಜೊತೆ ಸಂಬಂಧ ಇರುವ 18ರಿಂದ 24 ವರ್ಷದ ಯುವಕರಿಗಾಗಿ ‘ಸಾಲ್ವ್’ ಎಂಬ ಗೇಮ್ ಮಾಡಿದ್ದರು. ಅದರ ಗುರಿಯೇ ಅವರ ಮನಸ್ಸಿನ ನಾಚಿಕೆ, ಕೀಳರಿಮೆ ಕಡಿಮೆ ಮಾಡುವುದು. ಯಾರಲ್ಲಿ ಅದು ಕಡಿಮೆಯಾಯಿತೋ ಅವರಲ್ಲಿ ಮುಂದಿನ ಮೂರು ತಿಂಗಳು ಅಪಾಯದ ನಡವಳಿಕೆಯೂ ಕಡಿಮೆ ಇತ್ತು. ಹೆದರಿಸಿ, ಅವಮಾನಿಸಿ ದಾರಿಗೆ ತರುತ್ತೇವೆ ಎನ್ನುವವರು ಇದನ್ನು ಗಮನಿಸಬೇಕು. ಅದಕ್ಕೇ ನನ್ನ ಸಲಹೆ: ಮಕ್ಕಳಿಗೆ ಕೊಡುವ ಮೊದಲು ನೀವೇ ಕೂತು ಪೂರ್ತಿ ಆಡಿ, ಅದೂ ಬೇಕಂತಲೇ ಎಲ್ಲ ತಪ್ಪು ಆಯ್ಕೆ ಮಾಡುತ್ತಾ ಆಡಿ. ತಪ್ಪಿದವರನ್ನು ಗೇಮ್ ಹೇಗೆ ನಡೆಸಿಕೊಳ್ಳುತ್ತದೆ ಎಂದು ಆಗ ಗೊತ್ತಾಗುತ್ತದೆ.

ಗುಟ್ಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳ ಕೈಯಲ್ಲಿರುವ ಫೋನ್ ಎಷ್ಟೋ ಸಲ ಮನೆಯವರೆಲ್ಲ ಬಳಸುವ ಫೋನ್. ಆ್ಯಪ್‌ನ ಹೆಸರಿನಲ್ಲಿ, ಚಿತ್ರದಲ್ಲಿ, ನೋಟಿಫಿಕೇಶನ್‌ನಲ್ಲಿ ಎಚ್‌ಐವಿ ಎಂದು ಕಾಣದಿದ್ದರೆ ಒಳ್ಳೆಯದು. ಹೆಸರು, ನಂಬರ್, ಲೊಕೇಶನ್ ಕೇಳುವ ಗೇಮ್ ಬೇಡವೇ ಬೇಡ. ಯಾರ ಸ್ಕೋರ್ ಎಷ್ಟು ಎಂದು ಎಲ್ಲರಿಗೂ ತೋರಿಸುವ ಪಟ್ಟಿಯೂ ಬೇಡ. ಶಾಲೆಯ ಟ್ಯಾಬ್ಲೆಟ್‌ನಲ್ಲಿ, ಇಂಟರ್‌ನೆಟ್ ಇಲ್ಲದೆ ಆಡುವಂಥದ್ದಾದರೆ ಈ ತಲೆನೋವು ಅರ್ಧ ತಪ್ಪುತ್ತದೆ. ಸಾಧನವೇ ಇಲ್ಲದಿದ್ದರೆ ಮೇಲೆ ಹೇಳಿದ ಮೆಸೇಜ್ ದೃಶ್ಯವನ್ನು ಕಾರ್ಡ್‌ಗಳಲ್ಲಿ ಬರೆದೂ ಆಡಿಸಬಹುದು.

ತಂದೆ ತಾಯಿ ವಿಷಯಕ್ಕೆ ಬರುತ್ತೇನೆ. ‘ಹೇಳಿಕೊಟ್ಟರೆ ಮಾಡಲು ಹೋಗುತ್ತಾರೆ’ ಎನ್ನುವುದು ಅವರ ಭಯ. ಭಯ ನಿಜವಾದದ್ದು, ಅದನ್ನು ಲೇವಡಿ ಮಾಡಬೇಡಿ. ಆದರೆ ಅದಕ್ಕೆ ಆಧಾರ ಇಲ್ಲ. ಯುನೆಸ್ಕೊ 2018ರ ತನ್ನ ಮಾರ್ಗದರ್ಶಿಯಲ್ಲಿ ಹಲವು ದೇಶಗಳ ಅಧ್ಯಯನ ನೋಡಿ ಹೇಳಿದ್ದು ಇದನ್ನೇ: ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಶುರು ಮಾಡುವುದೂ ಇಲ್ಲ, ಜಾಸ್ತಿ ಮಾಡುವುದೂ ಇಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅವರನ್ನೇ ಒಂದು ಸಂಜೆ ಕರೆದು ಟ್ಯಾಬ್ಲೆಟ್ ಕೈಗೆ ಕೊಡಿ. ಎರಡು ದೃಶ್ಯ ಅವರೇ ಆಡಲಿ. ಆ ದೊಡ್ಡ ಹುಡುಗನ ಮೆಸೇಜ್ ಓದಿದ ತಾಯಿ ‘ಈಗಲೇ ಯಾಕೆ’ ಎಂದು ಕೇಳುವುದು ಕಡಿಮೆ. ಒಪ್ಪದವರ ಮಗುವನ್ನು ಆ ದಿನ ಸದ್ದಿಲ್ಲದೆ ಬೇರೆ ಕೆಲಸಕ್ಕೆ ಕಳಿಸಿ, ಎಲ್ಲರ ಮುಂದೆ ಎಬ್ಬಿಸಬೇಡಿ.

ಕೊನೆಯದಾಗಿ, ಇದಕ್ಕೆ ಮೊದಲೇ ಸಿದ್ಧವಾಗಿರಿ. ಆಟ ಆದ ಮೇಲೆ ಯಾವುದಾದರೂ ಮಗು ಬಂದು ‘ನನಗೂ ಹೀಗಾಗಿದೆ’ ಅನ್ನಬಹುದು. ಆಗ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗದು. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ, ಸಹಾಯ ಮಾಡಬಲ್ಲವರಿಗೆ ಮಾತ್ರ ತಿಳಿಸುತ್ತೇನೆ’ ಅನ್ನಿ. ಘಟನೆ ಯಾವಾಗ ನಡೆಯಿತು ಎಂದು ಮೆತ್ತಗೆ ಕೇಳಿ. 72 ಗಂಟೆ ಆಗಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗಿದ್ದರೂ ಹೋಗಬೇಕು, ಟೆಸ್ಟ್‌ಗೆ, ಬೇರೆ ಸೋಂಕುಗಳ ಚಿಕಿತ್ಸೆಗೆ, ಹುಡುಗಿಯಾದರೆ ಗರ್ಭದ ಪರೀಕ್ಷೆಗೆ. ಮಕ್ಕಳ ರಕ್ಷಣೆಯ ಕಾನೂನಿನಂತೆ ಯಾರಿಗೆ ವರದಿ ಮಾಡಬೇಕು, ಪೆಪ್ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ, ರಜಾದಿನ ಯಾರು ಫೋನ್ ಎತ್ತುತ್ತಾರೆ ಎನ್ನುವುದನ್ನು ಗೇಮ್ ಡೌನ್‌ಲೋಡ್ ಮಾಡುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.